ಮಿಜಿಂಗಾಳ ಕಣಜಕ್ಕೆ ಹೋದ ಬ್ಯಾಟರಿಗಳು

ಎತ್ತು ಪಳಗಿಸುವುದರಲ್ಲಿ ಹಾಂಜಾಲಾನನ್ನು ಮೀರಿಸುವವರು ಚೋಮಾ ಪೇಟೆಯ ಸುತ್ತಮುತ್ತ ಯಾರೂ ಇರಲಿಲ್ಲ. ಎಂಥ ಪುಂಡ ಹೋರಿಯನ್ನೂ ಹಳೆಯ ಎತ್ತಿನ ಜೊತೆ ಒಂದೇ ನೊಗಕ್ಕೆ ಕಟ್ಟಿ, ಒಂದು ಉಳುಮೆ ಮುಗಿಯುವಷ್ಟರಲ್ಲಿ ದಾರಿಗೆ ತರುತ್ತಿದ್ದ. ದೂರದೂರದಿಂದ ಜನ ಹೋರಿ ಹೊಡೆದುಕೊಂಡು ಅವನ ಬಾಗಿಲಿಗೆ ಬರುತ್ತಿದ್ದರು. ಅದೆಲ್ಲ ಸರಿ, ಯಾರೂ ಇಲ್ಲವೆನ್ನಲಿಲ್ಲ. ಆದರೆ ಗೊತ್ತಿರುವ ಒಂದೇ ವಿದ್ಯೆಯನ್ನು ಕಂಡಕಂಡಲ್ಲೆಲ್ಲ ತುರುಕುವ ಗಂಡಸಿಗೆ ಏನು ಹೇಳುವುದು?

ಅವತ್ತು ಅವನ ಹೆಂಡತಿ ಮಿಜಿಂಗಾ ಪೇಟೆಯಿಂದ ಐಸ್ ಪೆಟ್ಟಿಗೆ ಹೊತ್ತು ಬಂದಳು. ಅಕ್ಟೋಬರಿನ ಬಿಸಿಲು ನೆತ್ತಿ ಸುಡುತ್ತಿತ್ತು. ಪೆಟ್ಟಿಗೆಯಲ್ಲಿ ಕೋಳಿ ರೋಗಕ್ಕೆ ಹಾಕುವ ಲಸಿಕೆಯ ಸಣ್ಣ ಸಣ್ಣ ಬಾಟಲಿಗಳಿದ್ದವು. ಒಂದೊಂದು ಕೋಳಿಯ ಕಣ್ಣಿಗೆ ಒಂದೊಂದು ಹನಿ. ತಣ್ಣಗಿದ್ದರೆ ಅದು ಲಸಿಕೆ, ಬಿಸಿಯಾದರೆ ಬರೀ ನೀರು. ಹೋದ ವರ್ಷ ಲಸಿಕೆ ಸಿಗದೆ ಊರಿನ ಮುಕ್ಕಾಲು ಪಾಲು ಕೋಳಿಗಳು ಕತ್ತು ತಿರುಚಿಕೊಂಡು ಸತ್ತಿದ್ದವು. ಈ ಸೀಮೆಯಲ್ಲಿ ದನ ಗಂಡಸರದು, ಕೋಳಿ ಹೆಂಗಸರದು. ಉಪ್ಪು, ಸೋಪು, ಮಕ್ಕಳ ಇಸ್ಕೂಲು ಬಟ್ಟೆ, ಎಲ್ಲವೂ ಕೋಳಿಯಿಂದಲೇ ಬರಬೇಕು. ಅದಕ್ಕೇ ಹೆಂಗಸರ ಸಂಘದವರು ಉಳಿದವುಗಳಲ್ಲಿ ಒಂದಷ್ಟು ಮಾರಿ ನಾಲ್ಕು ಹೊಸ ಬ್ಯಾಟರಿ, ಒಂದು ಸೋಲಾರ್ ಹಲಗೆ, ಒಂದು ಪುಟ್ಟ ಫ್ರಿಜ್ಜು ತಂದು, ಹನಿ ಹಾಕಲು ಕಲಿತಿದ್ದ ಮಿಜಿಂಗಾಳ ಮನೆಯಲ್ಲಿ ಇಟ್ಟಿದ್ದರು. ಶನಿವಾರ ಎಲ್ಲರೂ ಕೋಳಿ ಹಿಡಿದುಕೊಂಡು ಬರುವವರಿದ್ದರು.

ಒಳಗೆ ಕಾಲಿಟ್ಟರೆ ಏನಿದೆ! ಹಾಂಜಾಲಾನ ಟೀವಿ ಓಡಿಸುತ್ತಿದ್ದ ನಾಲ್ಕು ಹಳೆಯ ಬ್ಯಾಟರಿಗಳಿಗೆ ಸಂಘದ ನಾಲ್ಕು ಹೊಸ ಬ್ಯಾಟರಿಗಳನ್ನು ವೈರು ಎಳೆದು ಬಿಗಿದುಬಿಟ್ಟಿದ್ದಾನೆ. ಪಕ್ಕದಲ್ಲಿ ಅವನೂ ಅವನ ಅಣ್ಣ ಮುಲೇಯಾನೂ ಚಿಬ್ವಾಂಟು ಹುಳಿ ಅಂಬಲಿ ಹೀರುತ್ತ ಕೂತಿದ್ದಾರೆ. ಅಬ್ಬಾ, ಆ ಗತ್ತೇ!

"ಏನಿದು, ಲ್ವೇಂದೋ ಅಪ್ಪ?" ಗಂಡನನ್ನು ಅವಳು ಕರೆಯುವುದು ಮಗುವಿನ ಹೆಸರು ಹಿಡಿದೇ.

"ಹೂಡಿದೀನಿ. ಹಳೇದು ದಾರಿ ತೋರಿಸುತ್ತೆ, ಹೊಸದು ಎಳೆಯುತ್ತೆ. ಇನ್ನು ನೋಡು, ಎಂಟು ಎತ್ತಿನ ಬಲ!"

"ಇದು ಎತ್ತಲ್ಲ ಮಾರಾಯರೇ. ಹಳೇದಕ್ಕೆ ಹೊಸದನ್ನ ಮುಟ್ಟಿಸಬೇಡಿ ಅಂತ ಅಂಗಡಿಯವನು ನಿಮ್ಮೆದುರೇ ಬಡ್ಕೊಂಡ ತಾನೆ? ಹೊಸದು ಹಗಲೆಲ್ಲ ತುಂಬ್ಕೊಂಡಿದ್ದನ್ನ ನಿಮ್ಮ ಮುದಿಯವು ರಾತ್ರಿಯೆಲ್ಲ ಹೀರಿ ಹಾಕ್ತವೆ. ಬಿಚ್ಚಿ."

"ಆ ಅಂಗಡಿಯವನು ಒಂದು ಹೋರಿನಾದ್ರೂ ಪಳಗಿಸಿದಾನಾ, ಕೇಳು." ಮುಲೇಯಾ ತೊಡೆ ತಟ್ಟಿಕೊಂಡು ನಕ್ಕ.

"ಅದು ಸಂಘದ್ದು. ನನ್ನದೂ ಅಲ್ಲ, ನಿಮ್ಮದೂ ಅಲ್ಲ."

"ನನ್ನ ಸೂರಿನ ಕೆಳಗಿದೆಯಲ್ಲ? ಸೂರು ಯಾರದು? ಹೋಗು, ಹೋಗಿ ನ್ಸಿಮಾ ಮುದ್ದೆ ತಿರುವು."

ಮಿಜಿಂಗಾಳ ಮೈ ಉರಿದುಹೋಯಿತು. ಆದರೂ ಲಸಿಕೆಯನ್ನು ಪಣಕ್ಕಿಟ್ಟು ಜಗಳ ಕಾಯಲು ಅವಳಿಗೆ ಮನಸ್ಸಿರಲಿಲ್ಲ. ಬಾಟಲಿಗಳನ್ನು ಫ್ರಿಜ್ಜಿಗೆ ಹಾಕದೆ ಐಸ್ ಪೆಟ್ಟಿಗೆಯಲ್ಲೇ ಬಿಟ್ಟಳು. ಪರೀಕ್ಷೆಗೆಂದು ಒಂದು ಸೀಸೆ ನೀರು ಮಾತ್ರ ಫ್ರಿಜ್ಜಿನಲ್ಲಿಟ್ಟು ಬಾಗಿಲು ಹಾಕಿದಳು. ಸಂಜೆ ಟೀವಿ ಗಂಟಲು ಹರಿಯುವಂತೆ ಕೂಗಿತು, ಮುಲೇಯಾನ ಮನೆಮಂದಿಯೆಲ್ಲ ಬಂದು ಕೂತು ಫುಟ್‌ಬಾಲು ನೋಡಿದರು.

ಬೆಳಿಗ್ಗೆ ಎದ್ದು ನೋಡಿದರೆ ಫ್ರಿಜ್ಜಿನ ಸದ್ದಿಲ್ಲ. ಸೀಸೆ ಮುಟ್ಟಿದಳು, ಉಗುರುಬೆಚ್ಚಗಿತ್ತು. ಪೆಟ್ಟಿಗೆಯಲ್ಲಿ ಅಂಗೈಯಗಲದ ಐಸ್ ಉಳಿದಿತ್ತು, ಸಂಜೆಗೆ ಅದೂ ಇರುವುದಿಲ್ಲ. ಊರ ಹೆಂಗಸರೆಲ್ಲ ಹೊಟ್ಟೆ ಕಟ್ಟಿ ತಂದ ಬ್ಯಾಟರಿ, ಒಂದೇ ರಾತ್ರಿಗೆ ಹೀಗಾಯಿತಲ್ಲ! ಗಂಡನನ್ನು ಅಲುಗಿಸಿ ಎಬ್ಬಿಸಿದಳು.

"ಫ್ರಿಜ್ಜು ನಿಂತಿದೆ."

"ಹೊಸ ಎತ್ತು ಮೊದಲ ದಿನ ಮಲಗೇ ಮಲಗುತ್ತೆ," ಎಂದ ಅವನು ಮಗ್ಗುಲು ಬದಲಿಸಿ. "ಒಂದು ವಾರ ತಡಿ, ಏಳುತ್ತೆ."

"ಶನಿವಾರ ನಾಳೆ!"

"ಕೋಳಿ ಕಣ್ಣಿಗೆ ಹನಿ ಹಾಕೋಕೆ ಇಷ್ಟೊಂದು ಹಾರಾಟವೇನೇ?"

ಹಾಂಜಾಲಾ ಎತ್ತುಗಳನ್ನು ನೀರಿಗೆ ಹೊಡೆದುಕೊಂಡು ಹೋಗುವವರೆಗೆ ಮಿಜಿಂಗಾ ಕಾದು, ಬೇಲಿಯ ಹತ್ತಿರ ನಿಂತು ಸಂಘದ ಚಿಲಾಲಾಳನ್ನು ಕೂಗಿದಳು. ಚಿಲಾಲಾ ಇನ್ನಷ್ಟು ಹೆಂಗಸರನ್ನು ಕೂಡಿಸಿಕೊಂಡು ಬಂದಳು. ನೇಗಿಲಿನ ಬೋಲ್ಟು ಬಿಗಿಯುವ ಅವನದೇ ಪಾನಾ ತೆಗೆದುಕೊಂಡು ಮಿಜಿಂಗಾ ಒಂದೊಂದೇ ವೈರು ಬಿಚ್ಚಿದಳು. ಇಬ್ಬಿಬ್ಬರು ಸೇರಿ ಒಂದೊಂದು ಹೊಸ ಬ್ಯಾಟರಿಯನ್ನು ಅಂಗಳ ದಾಟಿಸಿದರು.

"ಎಲ್ಲಿಗೆ ಇಳಿಸೋಣ, ಅಡುಗೆಮನೆಗಾ?" ಚಿಲಾಲಾ ಏದುಸಿರು ಬಿಡುತ್ತ ಕೇಳಿದಳು.

"ಅಲ್ಲಿಗೆ ಬೆಂಕಿ ಕೇಳೋ ನೆಪದಲ್ಲಿ ಯಾರು ಬೇಕಾದ್ರೂ ನುಗ್ತಾರೆ. ನನ್ನ ಕಣಜಕ್ಕೆ ಏರಿಸಿ."

ಚಿಲಾಲಾ ಒಂದು ಗಳಿಗೆ ಅವಳ ಮುಖ ನೋಡಿ, ಆಮೇಲೆ ಕೇಕೆ ಹಾಕಿ ನಕ್ಕಳು. ಮೆಕ್ಕೆಜೋಳ ತಳ ಕಂಡಿದ್ದ ತಿಂಗಳು, ಕಣಜದಲ್ಲಿ ಬೇಕಾದಷ್ಟು ಜಾಗವಿತ್ತು. ಕಂಬಗಳ ಮೇಲೆ ನಿಂತ ಕಡ್ಡಿ ಹೆಣೆದ ಗೋಡೆ, ಬ್ಯಾಟರಿಗೆ ಗಾಳಿಯೂ ಚೆನ್ನಾಗಿ ಆಡುತ್ತಿತ್ತು. ಸಂಘದ ಹಲಗೆಯನ್ನು ಕಣಜದ ಹುಲ್ಲಿನ ಮಾಡಿನ ಮೇಲೆ ಬಿಗಿದು, ಅಡುಗೆಮನೆಗೆ ತಂದಿಟ್ಟ ಫ್ರಿಜ್ಜಿಗೆ ವೈರು ಎಳೆದರು. ಬಿಸಿಲು ಏರಿದ ಹಾಗೆ ಫ್ರಿಜ್ಜು ಗುಂಯ್ ಎಂದಿತು. ಐಸ್ ಪೂರ್ತಿ ಕರಗುವ ಮೊದಲೇ ಬಾಟಲಿಗಳು ತಣ್ಣನೆಯ ಜಾಗ ಸೇರಿದವು.

ಹಾಂಜಾಲಾ ವಾಪಸು ಬಂದವನು ಅಂಗಳದಲ್ಲೇ ಕೂಗಾಡಿದ. "ಯಾರನ್ನ ಕೇಳಿ ಮುಟ್ಟಿದೆ? ಇಳಿಸೇ ಅದನ್ನ!"

"ಇಳಿಸಲ್ಲ."

"ನಾನೇ ಇಳಿಸ್ತೀನಿ." ದಾಪುಗಾಲು ಹಾಕಿ ಹೋಗಿ ಕಣಜದ ಏಣಿಗೆ ಒಂದು ಕಾಲಿಟ್ಟ.

ಹೆಂಗಸರೆಲ್ಲ ಏಣಿಯ ಸುತ್ತ ಕೂಡಿದರು. ಮಿಜಿಂಗಾ ಸೊಂಟದ ಮೇಲಿಟ್ಟ ಕೈ ತೆಗೆಯಲಿಲ್ಲ.

"ಹತ್ತಿ, ಹತ್ತಿ. ಯಾಕೆ ನಿಂತ್ರಿ? ಆ ಸೂರು ನಿಮ್ಮದು ಅಂದ್ರಿ, ಒಪ್ಪಿದೆ. ಈ ಸೂರು ಯಾರದು ಅಂತ ಇಷ್ಟು ಜನರ ಎದುರು ಹೇಳಿಬಿಟ್ಟು ಹತ್ತಿ."

ಗಲಾಟೆ ಕೇಳಿ ಓಡಿಬಂದ ಮುಲೇಯಾ ತಮ್ಮನ ಅಂಗಿ ಹಿಡಿದು ಜಗ್ಗಿದ. "ಏಯ್, ಕಾಲು ತೆಗಿಯೋ! ಹೆಂಡತಿ ಕಣಜ ಕಣೋ ಅದು. ಬರಗಾಲದಲ್ಲೂ ನಮ್ಮಪ್ಪ ಅವ್ವನ ಕಣಜಕ್ಕೆ ಕೈ ಹಾಕಿದವನಲ್ಲ. ನಾಳೆ ನಾನು ಊರಲ್ಲಿ ಮುಖ ಎತ್ತಿಕೊಂಡು ಓಡಾಡೋದು ಬೇಡ್ವಾ?"

"ಒಳಗಿರೋದು ಜೋಳ ಅಲ್ಲ ಅಣ್ಣ, ಬ್ಯಾಟರಿ!"

"ಏನಾದ್ರೂ ಇರ್ಲಿ. ಕಣಜದಲ್ಲಿದ್ದದ್ದು ಕಣಜದವಳದ್ದೇ. ಇಳಿ."

ಹಾಂಜಾಲಾ ಕಾಲು ತೆಗೆದ. ಯಾರ ಮುಖವನ್ನೂ ನೋಡದೆ ಎತ್ತಿನ ದೊಡ್ಡಿಯ ಕಡೆ ಹೋದ.

ಶನಿವಾರ ಬುಟ್ಟಿಯಲ್ಲಿ, ಕಂಕುಳಲ್ಲಿ, ಸೆರಗಿನಂತೆ ಸುತ್ತಿದ ಚಿಟೆಂಗೆ ಬಟ್ಟೆಯಲ್ಲಿ ಕೋಳಿಗಳು ಬಂದವು. ಮಿಜಿಂಗಾ ಒಂದೊಂದರ ರೆಪ್ಪೆ ಬಿಡಿಸಿ ಹನಿ ಹಾಕಿದಳು. ಹೊಳೆಯಾಚೆಯ ಹೆಂಗಸರು ಮರುದಿನ ಬರುವವರಿದ್ದುದರಿಂದ ಅವರ ಪಾಲಿನ ಬಾಟಲಿಗಳು ಫ್ರಿಜ್ಜಿನಲ್ಲೇ ಉಳಿದವು.

ಸಂಜೆ ದೊಡ್ಡ ಪಂದ್ಯವಿತ್ತು. ಹಾಂಜಾಲಾನ ನಾಲ್ಕು ಹಳೆಯ ಬ್ಯಾಟರಿಗಳು ಅರ್ಧ ಆಟದವರೆಗೆ ಹೇಗೋ ಎಳೆದು ಕೈಚೆಲ್ಲಿದವು. ಒಳಗೆ ಗಂಡಸರೆಲ್ಲ ಒಟ್ಟಿಗೆ ಅಯ್ಯೋ ಎಂದದ್ದು ಅಡುಗೆಮನೆಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವನು ಬಂದು ಕಣಜದ ಬುಡದಲ್ಲಿ ನಿಂತು ಕೆಮ್ಮಿದ. ಏಣಿಯಿಂದ ದೂರವೇ ನಿಂತಿದ್ದ.

"ಲ್ವೇಂದೋ ಅವ್ವ."

"ನಿಮ್ಮ ನಾಲ್ಕರಲ್ಲಿ ಕಿಟಕಿ ಕಡೇದು ಹೊಟ್ಟೆ ಉಬ್ಬಿಸ್ಕೊಂಡು ಸತ್ತಿದೆ," ಎಂದಳು ಅವಳು ಅಡುಗೆಮನೆಯ ಹೊಸಿಲಲ್ಲಿ ಕೂತಲ್ಲಿಂದಲೇ. "ಉಳಿದ ಮೂರನ್ನೂ ಅದೇ ತಿಂತಿದೆ. ಬಿಚ್ಚಿ ಆಚೆ ಇಡಿ. ಮೂರು ದೀಪಕ್ಕೆ ಸಾಕು, ಟೀವಿ ಹಗಲು ಹೊತ್ತು ನೋಡಿ."

"ಅದು ನಾಳೆ ಮಾತಾಯ್ತು. ಈಗ ಮೇಲಿಂದ ಒಂದು ವೈರು ಕೊಡು. ಅರ್ಧ ಆಟ ಅಷ್ಟೆ." ಅವಳು ಹೊಸಿಲಿಂದ ಏಳದಿದ್ದಾಗ ಅವನ ದನಿ ತಗ್ಗಿತು. "ಕೇಳ್ತಿದೀನಿ ಕಣೇ."

ಮಿಜಿಂಗಾ ಮದುವೆಯಾಗಿ ಬಂದಾಗಿನಿಂದ ಈ ಮನುಷ್ಯ ತಗೊಂಡಿದ್ದ, ಹೇಳಿದ್ದ, ಕೂಗಿದ್ದ. ಕೇಳಿದ್ದು ಇದೇ ಮೊದಲು. ಅವಳು ಎದ್ದು ಫ್ರಿಜ್ಜಿನೊಳಗೆ ಕೈಯಿಟ್ಟು ನೋಡಿದಳು. ಅದು ತಣ್ಣಗಿತ್ತು, ಗುಂಯ್ ಎನ್ನುತ್ತಿತ್ತು.

"ಕೇಳಿದ್ರಲ್ಲ, ಸಂತೋಷ ಆಯ್ತು," ಎಂದಳು. "ಕೊಡಲ್ಲ."