ದೀಪ ಹಚ್ಚಿದ ಮೇಲೆ ಹೆಪ್ಪು

ಮರಾಠಿ ಸೀಮೆಯ ಅಂಬಡ್‌ನ ಕಾರ್ಖಾನೆಗಳ ಕೊಳೆನೀರು ಶುದ್ಧ ಮಾಡುವ ಘಟಕದಲ್ಲಿ ಗುರುಸಿದ್ದಪ್ಪನ ತೊಟ್ಟಿಗೆ ಒಂದು ಮರ್ಯಾದೆಯಿತ್ತು. ಫಿನಾಲ್ ಎಂಬ ವಿಷವನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾಗಳನ್ನು ಅವನು ಅದರಲ್ಲಿ ವರ್ಷಗಟ್ಟಲೆ ಸಾಕಿದ್ದ. ಎಮ್ಮೆಗೆ ಹೊಸ ಹಿಂಡಿ ರೂಢಿ ಮಾಡಿಸುವ ಹಾಗೆ, ದಿನಕ್ಕಿಷ್ಟೇ ಎಂದು ಉಣಿಸುತ್ತ. ಬಾಗಲಕೋಟೆ ಕಡೆಯ ಅವನ ಬಾಯಲ್ಲಿ ಅದು 'ಹೆಪ್ಪು'.

2011ರ ಸುಮಾರಿಗೆ ಈಗಿನ ಸಂಭಾಜಿನಗರದಿಂದ ರಂಜನಿ ಕೆಲಸಕ್ಕೆ ಬಂದು, ಬಾಟಲಿಗಳಲ್ಲಿ ತನ್ನದೇ ಬ್ಯಾಕ್ಟೀರಿಯಾ ಬೆಳೆಸತೊಡಗಿದಳು. ಆ ಊರಿಗೆ ವರ್ಗವಾಗಿ ಹೋಗಿದ್ದ ಧಾರವಾಡದ ಬ್ಯಾಂಕ್ ನೌಕರನ ಮಗಳು, ಅಲ್ಲೇ ಓದಿದವಳು. ಅದುವರೆಗೆ ತೊಟ್ಟಿಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಘಟಕದ ಸಾಹೇಬರು ಈಗ ಅವಳ ಮೇಜಿನ ಬಳಿ ಕುಡಿಯತೊಡಗಿದರು. ಸಿನ್ನರ್‌ನಲ್ಲಿ ಏಳುತ್ತಿದ್ದ ಹೊಸ ಘಟಕಕ್ಕೆ ಯಾರ ಹೆಪ್ಪು ಹೋಗುತ್ತದೋ ಅವರೇ ಅಲ್ಲಿ ಮುಖ್ಯಸ್ಥರು ಎಂಬ ಮಾತಿತ್ತು. ಅವಳ ನಗು ಕೇಳಿದರೂ ಗುರುಸಿದ್ದಪ್ಪನ ಹೊಟ್ಟೆ ಉರಿಯುತ್ತಿತ್ತು.

ಒಂದು ಸಂಜೆ ಅವಳು ಖಾಲಿ ಬಾಟಲಿ ಹಿಡಿದು ಬಂದಳು. "ಕಾಕಾ, ಥೋಡಾ ಹೆಪ್ಪು ಕೊಡ್ರಿ. ನನ್ನ ಬ್ಯಾಕ್ಟೀರಿಯಾ ಗಟ್ಟಿ ಅದಾವು, ಉಪ್ಪು-ಬಿಸಿ ಎಲ್ಲಾ ತಡೀತಾವು, ಫಿನಾಲ್ ಮಾತ್ರ ಮುಟ್ಟೂದಿಲ್ಲ."

ಗೇಟಿನ ಗಣಪತಿಗೆ ಕಾವಲುಗಾರ ಆಗಷ್ಟೇ ದೀಪ ಹಚ್ಚಿದ್ದ. "ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಡಬಾರದವ್ವಾ. ನಿಮ್ಮ ಅವ್ವ ಹೇಳಿಲ್ಲೇನು?"

"ಮಸ್ತ್ ನೆವಾ ಅದ ಬಿಡ್ರಿ!" ಎಂದು ಅವಳು ನಕ್ಕಳು. ಬೆಳಿಗ್ಗೆ ಮತ್ತೆ ಕೇಳಿಯಾಳೆಂದು ಅವನು ರಜೆ ಹಾಕಿದ. ಅವಳು ತೊಟ್ಟಿಯಿಂದ ಹೊರಬೀಳುವ ಚರಂಡಿಯ ನೀರನ್ನೇ ತುಂಬಿಕೊಂಡಳೆಂದು ಕಾವಲುಗಾರ ಹೇಳಿದಾಗ ಮೀಸೆಯಲ್ಲೇ ನಕ್ಕ.

ಮಳೆಗಾಲಕ್ಕೆ ಮುಂಚೆ ಯಾವುದೋ ಕಾರ್ಖಾನೆ ಕದ್ದು ಆಮ್ಲ ಬಿಟ್ಟಿತು. ತೊಟ್ಟಿ ಸತ್ತಿತು. ಬಿಳಿಚಿಕೊಂಡ ನೊರೆಯನ್ನು ಅವನು ಕೋಲಿನಿಂದ ಕಲಕಿ ಕಲಕಿ ನೋಡಿದ. ಬೇರೆಡೆ ಎತ್ತಿಟ್ಟ ಹೆಪ್ಪೂ ಇರಲಿಲ್ಲ. ಅವಳ ಕೈಗೆ ಸಿಕ್ಕೀತೆಂದು ಇಟ್ಟಿರಲೇ ಇಲ್ಲ.

ರಂಜನಿಯ ಬಾಟಲಿಗಳಲ್ಲಿ ಮಾತ್ರ ಫಿನಾಲ್ ಕರಗುತ್ತಿತ್ತು.

"ನಿಮ್ಮವೇ ಕಲಿಸ್ಯಾವ್ರಿ ಕಾಕಾ," ಎಂದಳು. "ಫಿನಾಲ್ ಮುರಿಯೋ ಜೀನ್‌ಗಳು ಅವುಗಳ ಮೈಯಾಗಿನ ಒಂದು ಸಣ್ಣ ಡಿಎನ್‌ಎ ಉಂಗುರದಾಗ ಇರ್ತಾವು. ಅದರ ನಕಲು ಮಾಡಿ ಬಾಜೂದಕ್ಕ ಕೊಡ್ತಾವು, ಜಾತಿ ಬ್ಯಾರೆ ಇದ್ದರೂ. ಚರಂಡಿ ನೀರಾಗಿನ ನಿಮ್ಮವು ನನ್ನವಕ್ಕ ಕೊಟ್ಟಾವು."

ತಾನು ಬಿಗಿಹಿಡಿದದ್ದನ್ನು ಅವು ಚರಂಡಿಯಲ್ಲಿ ಹಂಚಿಬಿಟ್ಟಿದ್ದವು. ಸತ್ತವುಗಳ ಮೇಲೂ ಅವನಿಗೆ ಸಿಟ್ಟು ಬಂತು.

ಸಿನ್ನರ್‌ಗೆ ರಂಜನಿಯ ಹೆಸರೇ ಬಂತು. ಅವಳು ಹೊರಡುವ ಸಂಜೆ ಗುರುಸಿದ್ದಪ್ಪ ಖಾಲಿ ಬಾಟಲಿ ಹಿಡಿದು ಅವಳ ಮುಂದೆ ನಿಂತ. ತೊಟ್ಟಿ ಬದುಕಬೇಕಿತ್ತು.

ಅವಳ ಕಣ್ಣು ಗೇಟಿನ ಕಡೆ ಹೋಯಿತು. "ದೀಪ ಹಚ್ಚ್ಯಾರಲ್ರಿ ಕಾಕಾ?"

"ಬೆಳಿಗ್ಗೆ ಬರ್ತೀನಿ," ಎಂದು ಅವನು ತಿರುಗಿದ.

"ನಿಲ್ರಿ, ಬೆಳಿಗ್ಗೆ ನಾ ಎಲ್ಲಿರ್ತೀನಿ?" ಬಾಟಲಿ ಕಸಿದುಕೊಂಡು ತುಂಬಿಸಿ, ಬಾಯಿಗೆ ಹತ್ತಿ ತುರುಕಿ, 'ರಂಜನಿ' ಎಂಬ ಚೀಟಿ ಅಂಟಿಸಿ ಕೊಟ್ಟಳು.

ಕಟ್ಟೆಯ ಮೇಲೆ ಕೂತು ಅವನು ಮೊದಲು ಆ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದ. ಆಮೇಲೆ ಬಾಟಲಿಯನ್ನು ತೊಟ್ಟಿಗೆ ಬಗ್ಗಿಸಿದ.