ಹಗ್ಗದ ಆಚೆಯ ಗೂಡು

ಒಂದು ಕಾಲಕ್ಕೆ ಒಂದು ಬಿಳಿ ನರಿಯ ಚರ್ಮ ಕೊಟ್ಟರೆ ಒಂದು ಮೂಟೆ ಹಿಟ್ಟು, ಇಟ್ಟಿಗೆಯಂತೆ ಒತ್ತಿದ ಒಂದು ಗಟ್ಟಿ ಚಹಾಪುಡಿ, ಮೇಲೆ ಮಕ್ಕಳಿಗೆ ಒಂದು ಹಿಡಿ ಮಿಠಾಯಿ ಬರುತ್ತಿತ್ತು. ಈಗ ಅದೇ ಚರ್ಮ ತೋರಿಸಿದರೆ ಅಂಗಡಿಯವಳು ನಗುತ್ತಾಳೆ. ಬೋನು ನೋಡಿ ಬರುವ ಪೆಟ್ರೋಲಿನ ದುಡ್ಡೂ ಹುಟ್ಟುವುದಿಲ್ಲ. ಹಾಗಾಗಿ ಉತ್ತರದ ಈ ಹಿಮದ ನಾಡಿನಲ್ಲಿ, ನಮ್ಮ ಕಡೆ, ನರಿ ಹಿಡಿಯುವುದನ್ನು ಎಲ್ಲರೂ ಬಿಟ್ಟರು. ನರಿಗಳು ಹೆಚ್ಚಿದವು.

ಇಲಿಗಳಿರುವ ವರ್ಷ ಇದರಿಂದ ತೊಂದರೆಯಿಲ್ಲ. ಹಿಮ ಕರಗುವಾಗ ಪಾಚಿಯ ಅಡಿಯಲ್ಲಿ ಲೆಮಿಂಗ್ ಇಲಿಗಳು ಗಿಜಿಗುಟ್ಟುತ್ತಿದ್ದರೆ ನರಿ ಅವನ್ನೇ ತಿಂದು ಬಿದ್ದುಕೊಳ್ಳುತ್ತದೆ. ಬಿಳಿ ಗೂಬೆಗಳೂ ಬಂದು ದಿಬ್ಬದ ಮೇಲೆ ಗೂಡು ಮಾಡುತ್ತವೆ. ಗೂಬೆ ತನ್ನ ಮರಿಗಳ ಹತ್ತಿರ ನರಿಯನ್ನು ಸುಳಿಯಗೊಡುವುದಿಲ್ಲ. ಅದನ್ನು ತಿಳಿದೇ ಹೆಬ್ಬಾತುಗಳು ಗೂಬೆಯ ಸುತ್ತ ಮೊಟ್ಟೆಯಿಡುತ್ತವೆ. ನಾನು ಹೇಳುತ್ತಿರುವ ವರ್ಷ ಇಲಿ ಇರಲಿಲ್ಲ, ಗೂಬೆಯೂ ಬರಲಿಲ್ಲ. ಹೆಬ್ಬಾತುಗಳು ಬರಿದಾದ ದಿಬ್ಬವನ್ನು ಸುತ್ತಿ ಸುತ್ತಿ ಕೂಗಿ, ಕೊನೆಗೆ ನದಿಯ ದಡದಲ್ಲಿದ್ದ ನಮ್ಮ ಮೀನಿನ ಬಿಡಾರದ ಸುತ್ತ ಇಳಿದವು. ಒಂಬತ್ತು ಗೂಡು.

"ನಮ್ಮನ್ನ ಗೂಬೆ ಅಂದ್ಕೊಂಡಿವೆ ಕಣೇ ಅಕ್ಸಿನ್ಯಾ," ಎಂದ ನನ್ನ ಗಂಡ ಸ್ಪಿರಿದೊನ್.

"ನಿನ್ನ ಮುಖ ನೋಡಿದ್ರೆ ಯಾರಾದ್ರೂ ಅಂದ್ಕೋತಾರೆ, ಮುದುಕಾ," ಎಂದೆ.

ಅವನು ನಗಲಿಲ್ಲ. ಹಿಂದಿನ ಎರಡು ಬೇಸಿಗೆಯೂ ಮರಿಯಾಗಿರಲಿಲ್ಲ. ಒಂದು ವರ್ಷ ಕಾವಿನ ಹೊತ್ತಿಗೆ ಹಿಮ ಬಿದ್ದು ಮೊಟ್ಟೆಗಳು ತಣ್ಣಗಾದವು, ಇನ್ನೊಂದು ವರ್ಷ ನರಿ ಗುಡಿಸಿ ಹಾಕಿತು. "ಬಂದಿರೋವೆಲ್ಲ ಮುದಿ ಹಕ್ಕಿಗಳು. ಮರಿ ಒಂದ್ಸಲ ತಾಯಿ ಜೊತೆ ಚಳಿಗಾಲಕ್ಕೆ ದಕ್ಷಿಣಕ್ಕೆ ಹೋಗಿ ಬಂದ್ರೆ ತಾನೆ ದಾರಿ ಕಲಿಯೋದು? ಈ ವರ್ಷಾನೂ ಇಲ್ಲ ಅಂದ್ರೆ, ಆಮೇಲೆ ಈ ನದಿಗೆ ದಾರಿ ಗೊತ್ತಿರೋ ಹಕ್ಕೀನೇ ಇರಲ್ಲ," ಎಂದ. ನಮ್ಮವರಿಗೆ ಚಳಿಗಾಲದ ಕೊನೆಯಲ್ಲಿ ಮೀನು ಮುಗಿದಾಗ ಬಾಯಿಗೆ ಬೀಳುವ ಮೊದಲ ತಾಜಾ ಮಾಂಸ ಹೆಬ್ಬಾತಿನದು. ಅವನ ಚಿಂತೆ ಸುಮ್ಮನೆ ಹುಟ್ಟಿದ್ದಲ್ಲ.

ನಾವು ಕೋವಿ ಎತ್ತಿಟ್ಟೆವು. ನೀರಿಗೆ ಹೋಗಲು ಒಂದೇ ಜಾಡು ಹಿಡಿದೆವು. ಕೊರಳಲ್ಲಿ ಬಿಳಿ ಪಟ್ಟಿಯಿದ್ದ ನಮ್ಮ ನಾಯಿ ಮೊಯ್ತುವನ್ನು ಬಾಗಿಲ ಬಳಿ ಗಿಡ್ಡ ಹಗ್ಗದಲ್ಲಿ ಕಟ್ಟಿದೆವು. ನರಿ ದಿನವೂ ಬಂದು ದೂರದಲ್ಲಿ ಕೂತು ನೋಡುತ್ತಿತ್ತು. ಬಿಳಿ ತುಪ್ಪಳ ಅರ್ಧ ಉದುರಿ, ಪಕ್ಕೆಲುಬು ಎದ್ದು ಕಾಣುತ್ತಿತ್ತು. ಮೊಯ್ತು ಬೊಗಳಿದರೆ ಎದ್ದು ಹೋಗುತ್ತಿತ್ತು.

ಮರಿಯೊಡೆಯಲು ಇನ್ನೂ ಎರಡು ವಾರವಿದೆ ಅನ್ನುವಾಗ, ಬಲೆಯಿಂದ ಮೀನು ಬಿಡಿಸುತ್ತಿದ್ದ ಸ್ಪಿರಿದೊನ್‌ನ ಬಲಗೈಗೆ ಮೀನಿನ ಹಲ್ಲು ನಾಟಿತು. ಮರುದಿನ ಕೈ ಊದಿತು. ಅದರ ಮರುದಿನ ನಂಜಿನ ಕೆಂಪು ಗೆರೆ ಮೊಣಕೈ ದಾಟಿತು.

"ಆಸ್ಪತ್ರೆಗೆ ಹೋಗೋಣ," ಎಂದೆ.

"ನಾವು ಎದ್ದ ಜಾಗದಲ್ಲಿ ನರಿ ಕೂರುತ್ತೆ. ಮರಿ ಹೊರಗೆ ಬರ್ಲಿ."

"ಮರಿ ಹೊರಗೆ ಬರೋಷ್ಟರಲ್ಲಿ ನೀನು ಮಣ್ಣಿನ ಒಳಗೆ ಹೋಗಿರ್ತೀಯ."

ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ದಿನ ಹಾಗೇ ಕಳೆದ. ಮೀನು ಒಯ್ಯಲು ದೋಣಿಯಲ್ಲಿ ಬಂದ ಮೈದುನ ಲವ್ರೆಂತಿ ಅವನ ಕೈ ನೋಡಿದವನೇ ಮೀನಿನ ಪೆಟ್ಟಿಗೆಗಳನ್ನು ದಡಕ್ಕೆ ಇಳಿಸಿದ.

"ದೋಣಿ ಹತ್ತು ಅಣ್ಣ. ಇಲ್ಲಾ ಅಂದ್ರೆ ಮೂಟೆ ಥರ ಎತ್ತಿ ಹಾಕ್ತೀನಿ."

"ಅವಳನ್ನ ಇಲ್ಲೇ ಬಿಟ್ಟು ಹೋಗೋಣ. ಗೂಡು ಕಾಯ್ಲಿ."

"ಮಂಜುಗಡ್ಡೆ ಯಾರು ತಳ್ತಾರೆ? ನೀನಾ, ಆ ಕೈಯಲ್ಲಾ? ಅತ್ತಿಗೆ, ನೀನು ಕೋಲು ತಗೋ."

ನದಿಯ ತುಂಬ ಇನ್ನೂ ಗಡ್ಡೆಗಳು ತೇಲುತ್ತಿದ್ದವು. ಒಬ್ಬರು ದೋಣಿ ನಡೆಸಿದರೆ ಇನ್ನೊಬ್ಬರು ಗಡ್ಡೆ ತಳ್ಳಲೇಬೇಕು. ನಾನು ಹೊರಟೆ. ಸ್ಪಿರಿದೊನ್ ಎಡಗೈಯಲ್ಲೇ ಮೊಯ್ತುವಿನ ಗಿಡ್ಡ ಹಗ್ಗ ಬಿಚ್ಚಿ, ಬಲೆಯ ಉದ್ದನೆಯ ಹಗ್ಗ ಕಟ್ಟತೊಡಗಿದ.

"ಅಷ್ಟು ಉದ್ದ ಬೇಡ. ಹತ್ತಿರದ ಮೂರು ಗೂಡು ಅದರ ಬಾಯಿಗೇ ಸಿಗುತ್ತೆ," ಎಂದೆ.

"ಗಿಡ್ಡ ಬಿಟ್ರೆ ಒಂಬತ್ತೂ ನರಿ ಬಾಯಿಗೆ. ಮೊಯ್ತು ಮುಟ್ಟಲ್ಲ. ನಾನು ಸಾಕಿದ ನಾಯಿ."

ನಾಲ್ಕು ದಿನಕ್ಕೆ ಸಾಕಾಗುವಷ್ಟು ಮೀನು ಅದರ ಮುಂದೆ ಸುರಿದೆವು. ಅಷ್ಟರಲ್ಲಿ ನಾನೂ ಲವ್ರೆಂತಿಯೂ ವಾಪಸು ಬರುವುದೆಂದು ಮಾತಾಗಿತ್ತು.

ಊರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನ ಎರಡು ಬೆರಳು ತೆಗೆದಳು. "ಎರಡು ದಿನ ಮೊದಲು ಬಂದಿದ್ರೆ ಉಳೀತಿದ್ವು," ಎಂದಳು. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಮರುದಿನವೇ ಹೊರಡಲು ನಾನು ದಡಕ್ಕೆ ಹೋದರೆ, ಸಮುದ್ರದ ಕಡೆಯ ಗಾಳಿ ಎದ್ದು ಗಡ್ಡೆಗಳನ್ನೆಲ್ಲ ನದಿಗೆ ನುಗ್ಗಿಸಿ ಒತ್ತೊತ್ತಾಗಿ ಮುಚ್ಚಿತ್ತು. ದೋಣಿ ಇಳಿಸಲು ಅಂಗೈಯಗಲ ನೀರಿರಲಿಲ್ಲ. ಗಾಳಿ ತಿರುಗಲು ಹನ್ನೊಂದು ದಿನ ಬೇಕಾಯಿತು. ಅಷ್ಟರಲ್ಲಿ ಸ್ಪಿರಿದೊನ್ ಕೂಡ ಕೈಗೆ ಬಟ್ಟೆ ಸುತ್ತಿಕೊಂಡು ದೋಣಿ ಹತ್ತಿದ.

ಬಿಡಾರದಲ್ಲಿ ಬೊಗಳುವ ಸದ್ದಿರಲಿಲ್ಲ. ನಾಯಿ ಸತ್ತಿದೆ ಅಂದುಕೊಂಡೆ. ಸತ್ತಿರಲಿಲ್ಲ. ನಮ್ಮನ್ನು ನೋಡಿ ಎದ್ದು, ಬಾಲ ಕಾಲ ನಡುವೆ ಸೇರಿಸಿ, ಹೊಟ್ಟೆ ನೆಲಕ್ಕೆ ತಾಗಿಸಿ ಬಂತು. ಮೂತಿಯ ತುಂಬ ಗೂಡಿನ ಪುಕ್ಕ ಅಂಟಿತ್ತು.

ಹತ್ತಿರದ ಮೂರು ಗೂಡಿನ ಮೊಟ್ಟೆಗಳನ್ನು ಅದೇ ತಿಂದಿತ್ತು. ಅದರಿಂದಲೇ ಬದುಕಿತ್ತು. ಹೊರಗಿನ ಐದನ್ನು ನರಿ ಒಯ್ದಿತ್ತು. ಹಗ್ಗ ಎಲ್ಲಿಗೆ ಮುಗಿಯುತ್ತದೆಂದು ನರಿ ಚೆನ್ನಾಗಿ ಕಲಿತಿತ್ತು. ಅದರ ಹೆಜ್ಜೆಗಳು ನಾಯಿ ಸವೆಸಿದ ನೆಲದ ಸುತ್ತ ತುಸು ದೂರದಲ್ಲಿ ಬಳಸಿಕೊಂಡು ಹೋಗಿದ್ದವು. ನಾಯಿಯ ಬಾಯಿ ಮುಟ್ಟದ, ನರಿಗೆ ಧೈರ್ಯ ಸಾಲದ ಒಂದು ಪಟ್ಟಿ ನೆಲ ನಡುವೆ ಉಳಿದಿತ್ತು. ಹಾಸಿಗೆಯಗಲವೂ ಇಲ್ಲ. ಅದರಲ್ಲಿ ಒಂದು ಗೂಡು. ಸ್ಪಿರಿದೊನ್ ಮಂಡಿಯೂರಿ ಒಂದು ಚಿಪ್ಪು ಎತ್ತಿ ನೋಡಿದ. ಒಳಪೊರೆ ಒಣಗಿ ಬಿಟ್ಟುಕೊಂಡಿತ್ತು. ಮರಿ ತಾನಾಗಿ ಒಡೆದು ಹೊರಬಂದ ಚಿಪ್ಪು.

ಕೆಳಗೆ ನೀರಿನಂಚಿನಲ್ಲಿ ಒಂದು ಜೋಡಿ ಹೆಬ್ಬಾತು ನಾಲ್ಕು ಮರಿಗಳನ್ನು ನಡುವೆ ಇಟ್ಟುಕೊಂಡು ಹುಲ್ಲು ಮೇಯುತ್ತಿತ್ತು.

ಸ್ಪಿರಿದೊನ್ ಒಳಗೆ ಹೋಗಿ ಕೋವಿ ತಂದ. ನಾನು ಅಡ್ಡ ನಿಂತೆ.

"ಕಟ್ಟಿ ಹೋದವರು ನಾವು. ಹಸಿದದ್ದು ಅದು. ಅದರದ್ದೇನು ತಪ್ಪು?"

"ತಪ್ಪು ಅಂತ ಯಾರಂದ್ರು?" ಎಂದ. "ಮುಂದಿನ ವರ್ಷ ಅದಕ್ಕೆ ದಾರಿ ಗೊತ್ತಿರುತ್ತೆ. ಗೂಡಿನ ದಾರಿ."

"ಬೇರೆಯವರಿಗೆ ಕೊಡೋಣ."

"ಮೊಟ್ಟೆ ರುಚಿ ಹತ್ತಿದ ನಾಯೀನ ಯಾರು ತಗೋತಾರೆ ಅತ್ತಿಗೆ?" ಎಂದ ಲವ್ರೆಂತಿ, ದೋಣಿಯಿಂದಲೇ.

ಉತ್ತರ ನನಗೂ ಗೊತ್ತಿತ್ತು. ಸ್ಪಿರಿದೊನ್ ನಾಯಿಯನ್ನು ದಿಬ್ಬದ ಹಿಂದೆ ಕರೆದುಕೊಂಡು ಹೋದ. ಅದು ಖುಷಿಯಿಂದಲೇ ಹೋಯಿತು, ಅಷ್ಟು ದಿನದ ಮೇಲೆ ಹಗ್ಗ ಬಿಚ್ಚಿದ್ದರಲ್ಲ. ತುಂಬ ಹೊತ್ತು ಗುಂಡಿನ ಸದ್ದು ಕೇಳಲಿಲ್ಲ. ಆಮೇಲೆ ಅವನು ಕೋವಿಯನ್ನೂ ನಾಯಿಯನ್ನೂ ಅಲ್ಲೇ ಬಿಟ್ಟು ಬರಿಗೈಯಲ್ಲಿ ಬಂದು, "ಕೋವಿಯ ಕುದುರೆ ಎಳೆಯೋಕೆ ಬೆರಳಿಲ್ಲ. ಎಡಗೈಗೆ ಗುರಿ ಸಿಗಲ್ಲ," ಎಂದ. ಲವ್ರೆಂತಿ ದೋಣಿಯಿಂದ ಇಳಿದು ದಿಬ್ಬದ ಹಿಂದೆ ಹೋದ.

ಶರತ್ಕಾಲದಲ್ಲಿ ಹಕ್ಕಿಗಳು ದಕ್ಷಿಣಕ್ಕೆ ಎದ್ದಾಗ ನಾವಿಬ್ಬರೂ ಹೊರಗೆ ನಿಂತು ನೋಡಿದೆವು. ನಾಲ್ಕರಲ್ಲಿ ಮೂರು ಮರಿಗಳು ಹಾರಿದವು. ಎಂಟು ಗೂಡು, ಎರಡು ಬೆರಳು, ಒಂದು ನಾಯಿ ಹೋದವು. ದಾರಿ ಕಲಿಯಲು ಮೂರು ಹಕ್ಕಿ ಹೋದವು.