ಟೋಪಿ ನೋಡಿ ತುಂಬಿದ ಫಾರಂ

ರಾತ್ರಿ ಹನ್ನೊಂದಕ್ಕೆ ಮೊಬೈಲು ‘ಟಿಂಗ್’ ಎಂದಿತು. ಪ್ರಿನ್ಸಿಪಾಲರ ಸಂದೇಶ: “ನಾಳೆ ಬೆಳಿಗ್ಗೆ ನಿಯುವೆ ದ್ವೀಪದ ಹಿರಿಯರೊಬ್ರು ಬರ್ತಾರೆ. ನಮ್ಮ ನಿಯುವೆ ಹುಡುಗಿ ಅವರ ಭಾಷೇಲೇ ಸ್ವಾಗತ ಮಾಡ್ಲಿ. ಅವಳಿಗೂ ತಿಳಿಸಿದೀನಿ.”

ನನ್ನ ನಿದ್ದೆ ಹಾರಿಹೋಯಿತು. ಆ ಹುಡುಗಿ, ಮಕರೇತಾ, ನಿಯುವೆಯವಳೇ ಅಲ್ಲ, ರೊಟುಮಾ ಎಂಬ ಬೇರೆಯೇ ದ್ವೀಪದವಳು. ಶಾಲಾ ಪ್ರವಾಸಕ್ಕೆಂದು ಅವಳು ಕೊಟ್ಟ ಜನನ ಪತ್ರ ನೋಡಿ ಅಂದು ಸಂಜೆಯಷ್ಟೇ ನನಗೆ ತಿಳಿದಿತ್ತು.

ದಕ್ಷಿಣ ಆಕ್ಲೆಂಡಿನ ಈ ಸರ್ಕಾರಿ ಹೈಸ್ಕೂಲಿನಲ್ಲಿ ದಾಖಲಾತಿ ಬರೆಯುವವಳು ನಾನು. ಎರಡು ವರ್ಷದ ಹಿಂದೆ ಅವಳ ಅಜ್ಜಿ ತಂದ ಫಾರಂನಲ್ಲಿ ‘ಜನಾಂಗ’ ಎಂಬಲ್ಲಿ ಖಾಲಿಯಿತ್ತು. ಬಾಯಿಬಿಟ್ಟು ಕೇಳಬಹುದಿತ್ತು. ನಾನು ಅಜ್ಜಿಯ ತಲೆಯ ಮೇಲಿನ ಗರಿ ಹೆಣೆದ ಟೋಪಿ ನೋಡಿದೆ. ಟೋಂಗಾದವಳಾದ ನನಗೆ, ಹೆಣಿಗೆ ನೋಡಿಯೇ ದ್ವೀಪ ಗುರುತಿಸಬಲ್ಲೆನೆಂಬ ಜಂಬ. ‘ನಿಯುವೆ’ ಎಂದು ಬರೆದೆ. ಟೋಪಿಯೇನೋ ನಿಯುವೆಯದೇ, ತಲೆ ಮಾತ್ರ ಅಲ್ಲಿಯದಲ್ಲ.

ಗೇಟಿನ ಫಲಕದಲ್ಲಿ ‘ಮೂವತ್ತು ಜನಾಂಗಗಳ ಶಾಲೆ’ ಮೂವತ್ತೊಂದಾಯಿತು. ಪ್ರಿನ್ಸಿಪಾಲರು ಕೇಕ್ ತರಿಸಿದರು. ನಾನು ಎರಡು ತುಂಡು ತಿಂದೆ.

ಸಂದೇಶ ಬಂದ ಮರುದಿನ ಬೆಳಿಗ್ಗೆ ಮಕರೇತಾಳನ್ನು ಕಾರಿಡಾರಿನಲ್ಲೇ ಹಿಡಿದೆ.

“ಮೊದಲೇ ಹೇಳೋದಲ್ವೇನೇ?”

“ಅಜ್ಜಿ ಬೇಡ ಅಂದ್ರು ಮಿಸ್. ‘ಪಾಪ, ಅಷ್ಟು ದುಂಡಗೆ ಬರೆದಿದಾಳೆ, ಮನಸ್ಸು ನೋಯಿಸ್ಬಾರ್ದು’ ಅಂತ.”

“ಎರಡು ವರ್ಷ ಶಾಲೆ ಮೆರವಣಿಗೇಲಿ ನಿಯುವೆ ಬಾವುಟ ಹಿಡ್ಕೊಂಡು ನಡೆದ್ಯಲ್ಲೇ!”

“ನಮ್ಮದನ್ನ ಯಾರೂ ಕೊಡ್ಲಿಲ್ವಲ್ಲ.” ಅವಳ ದನಿ ಸಣ್ಣಗಾಯಿತು. “ಸ್ವಾಗತದ ಮಾತು ಬಾಯಿಪಾಠ ಮಾಡಿದೀನಿ. ಅವರು ತಿರುಗಿ ಏನಾದ್ರೂ ಕೇಳಿದ್ರೆ? ಎಲ್ರೂ ನಗೋದು ನನ್ನನ್ನ, ನಿಮ್ಮನ್ನಲ್ಲ.”

ಸಾವಿರ ಮಕ್ಕಳ ಮುಂದೆ ಅವಳು “ಫಾಕಾಲೋಫಾ ಲಾಹಿ ಅತು” ಎಂದಳು. ನಿಯುವೆಯಿಂದ ಬಂದ ಮುದುಕರ ಮುಖ ಅರಳಿತು. ತಮ್ಮ ಭಾಷೆಯಲ್ಲಿ ಉದ್ದನೆಯ ಪ್ರಶ್ನೆಯೊಂದನ್ನು ಕೇಳಿಯೇಬಿಟ್ಟರು. ಮಕರೇತಾ ನನ್ನತ್ತ ನೋಡಿದಳು.

ಲೋಟದ ನೀರು ಕೊಡುವ ನೆಪದಲ್ಲಿ ವೇದಿಕೆ ಹತ್ತಿ ಅವರ ಕಿವಿಯಲ್ಲಿ ಉಸುರಿದೆ: “ಇವಳು ರೊಟುಮಾದವಳು, ಹಿರಿಯರೇ. ತಪ್ಪು ನಂದು. ಅಜ್ಜಿ ಟೋಪಿ ನೋಡಿ ಬರೆದುಬಿಟ್ಟೆ.”

“ಹೆಣಿಗೆ ನಮ್ಮದೇನಾ?”

“ನಿಮ್ಮದೇ.”

“ಹಾಗಾದ್ರೆ ಕಣ್ಣು ಚೆನ್ನಾಗಿದೆ ತಾಯಿ. ಬಾಯಿನೂ ಸ್ವಲ್ಪ ಬಳಸು.”

ಆಮೇಲೆ ಎಲ್ಲರಿಗೂ ತಿಳಿಯುವಂತೆ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದರು: “ಮಗೂ, ನಮ್ಮ ಮಾತು ಚೆನ್ನಾಗಿ ಕಲ್ತಿದೀಯ. ಈಗ ನಿಮ್ಮ ಮನೇದು ನನಗೆ ಕಲಿಸು.”

“ನೋಆಇಆ,” ಎಂದಳು ಮಕರೇತಾ, ಮೊದಲು ಮೆಲ್ಲಗೆ, ಮತ್ತೆ ಜೋರಾಗಿ. ಮುದುಕರು ಅಂದರು, ಇಡೀ ಸಭಾಂಗಣ ಅಂದಿತು.

“ಎರಡೆರಡು ಸ್ವಾಗತ! ಎಷ್ಟು ಚೆನ್ನಾಗಿ ಯೋಜನೆ ಮಾಡಿದೀರಿ,” ಎಂದು ಪ್ರಿನ್ಸಿಪಾಲರು ನನ್ನ ಕೈ ಕುಲುಕಿದರು.

ಮಧ್ಯಾಹ್ನ ದಾಖಲೆಯಲ್ಲಿ ನಿಯುವೆ ಅಳಿಸಿ ರೊಟುಮಾ ಬರೆದೆ. ಒಂದು ಹೋಯಿತು, ಒಂದು ಬಂತು. ಫಲಕದ ಮೂವತ್ತೊಂದು ಅಲುಗಲಿಲ್ಲ. ರೊಟುಮಾದ ಬಾವುಟ ತರಿಸಲೂ ಪತ್ರ ಬರೆದೆ. ಟೋಪಿ ನೋಡಿ ಬರೆದ ಕಥೆಯನ್ನು ಮಾತ್ರ ಇನ್ಯಾರಿಗೂ ಹೇಳಬಾರದೆಂದು ತೀರ್ಮಾನಿಸಿದೆ. ಹೇಳಿದರೆ ಮಕ್ಕಳು ನಗುವುದು ಮಕರೇತಾಳನ್ನೇ. ಹೌದು, ಪೂರ್ತಿ ಅವಳಿಗೋಸ್ಕರವೇ, ಎಂದು ನನಗೆ ನಾನೇ ಎರಡು ಸಲ ಹೇಳಿಕೊಂಡೆ.